ಅಗರಬತ್ತಿ ಗೋದಾಮಿನ ಫೈರ್ ಲೋಡ್ ಲೆಕ್ಕ ಹಾಕುವುದು ಹೇಗೆ?

ಬತ್ತಿಮನೆ, ಮೈಸೂರು:
ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಅಗರಬತ್ತಿ ಘಟಕವಿದೆ. ಗೋದಾಮು ಅಪ್ಪನ ಕಾಲದ್ದು: 12 ಮೀಟರ್ ಉದ್ದ, 10 ಮೀಟರ್ ಅಗಲ, ಶೀಟಿನ ಚಾವಣಿ, ಒಂದೇ ಬಾಗಿಲು. ದಸರೆಗೆ ಮುಂಚೆ ಬಿದಿರು ಕಡ್ಡಿ 6 ಟನ್, ಇದ್ದಿಲು ಪುಡಿ 3 ಟನ್, ರಟ್ಟಿನ ಪೆಟ್ಟಿಗೆ ಒಂದೂವರೆ ಟನ್, ಪ್ಯಾಕಿಂಗ್ ಪ್ಲಾಸ್ಟಿಕ್ ಹಾಳೆ 800 ಕಿಲೋ, ಸುಗಂಧ ಬೆರೆಸುವ ಡಿಇಪಿ ಎಣ್ಣೆ ಸುಮಾರು 1 ಟನ್ ಸೇರುತ್ತವೆ. ಮಳೆಗಾಲದಲ್ಲಿ ಪ್ಯಾಕಿಂಗ್‌ನ ಹನ್ನೊಂದು ಹೆಣ್ಣುಮಕ್ಕಳೂ ಒಳಗೇ ಕೂರುತ್ತಾರೆ. ವಿಮೆಯ ಸರ್ವೇಯರ್ ಫೈರ್ ಲೋಡ್ ಎಷ್ಟೆಂದು ಕೇಳಿದ್ದಾರೆ. ಲೆಕ್ಕ ಹಾಕುವುದು ಹೇಗೆ?

ನಿವೃತ್ತ ಅಗ್ನಿಶಾಮಕ:
ಫೈರ್ ಲೋಡ್ ಎಂದರೆ ಒಳಗಿರುವುದೆಲ್ಲ ಉರಿದರೆ ನೆಲದ ಪ್ರತಿ ಚದರ ಮೀಟರಿಗೆ ಬರುವ ಶಾಖ. ಪ್ರತಿ ವಸ್ತುವಿನ ತೂಕವನ್ನು ಅದರ ಒಂದು ಕಿಲೋ ಉರಿದರೆ ಬರುವ ಶಾಖದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ನೆಲದ ವಿಸ್ತೀರ್ಣದಿಂದ ಭಾಗಿಸಬೇಕು. ಅಂದಾಜಿಗೆ ಬಿದಿರಿಗೆ 4,400 ಕಿಲೋಕ್ಯಾಲೊರಿ, ಇದ್ದಿಲಿಗೆ 7,000, ರಟ್ಟಿಗೆ 4,000, ಪ್ಲಾಸ್ಟಿಕ್ಕಿಗೆ 10,500, ಡಿಇಪಿಗೆ 6,400 ಹಿಡಿಯಿರಿ. ನಿಮ್ಮ ಸರಕಿಗೆ ಒಟ್ಟು 6.82 ಕೋಟಿ ಬರುತ್ತದೆ. 120 ಚದರ ಮೀಟರಿಗೆ ಹಂಚಿದರೆ ಚದರ ಮೀಟರಿಗೆ ಸುಮಾರು 5.68 ಲಕ್ಷ. ನಮ್ಮ ಎಂಜಿನಿಯರಿಂಗ್ ಪಠ್ಯಗಳಲ್ಲಿ 2.75 ಲಕ್ಷದವರೆಗೆ ಕಡಿಮೆ, 5.5 ಲಕ್ಷದವರೆಗೆ ಮಧ್ಯಮ, ಅದರಾಚೆ ಹೆಚ್ಚು ಎಂದಿದೆ. ನೀವು ಗೆರೆ ದಾಟಿದ್ದೀರಿ.

ಆದರೆ ಈ ಅಂಕಿಗಿಂತ ನನ್ನನ್ನು ಕಾಡುತ್ತಿರುವುದು ನಿಮ್ಮ ಪತ್ರದ ಇನ್ನೊಂದು ಸಾಲು. ಫೈರ್ ಲೋಡ್ ಎಷ್ಟು ಹೊತ್ತು, ಎಷ್ಟು ತೀವ್ರವಾಗಿ ಉರಿಯಬಹುದು ಎಂಬುದನ್ನು ಹೇಳುತ್ತದೆ. ಎಷ್ಟು ಬೇಗ ಹೊಗೆ ತುಂಬುತ್ತದೆ ಎಂಬುದನ್ನು ಹೇಳುವುದಿಲ್ಲ. ತೂಕದಲ್ಲಿ ಪ್ಲಾಸ್ಟಿಕ್ ಎಲ್ಲಕ್ಕಿಂತ ಕಡಿಮೆ, ಆದರೆ ಕಪ್ಪು ಹೊಗೆ ಕಾರುವುದು ಅದೇ. ಹನ್ನೊಂದು ಜನ ಒಂದೇ ಬಾಗಿಲಿನತ್ತ ಓಡಬೇಕು. ಆ ಬಾಗಿಲಿಗೂ ಅವರಿಗೂ ನಡುವೆ ಏನು ಪೇರಿಸಿದ್ದೀರಿ?

ಬತ್ತಿಮನೆ, ಮೈಸೂರು:
ರಟ್ಟಿನ ಪೆಟ್ಟಿಗೆಗಳು. ಪ್ಲಾಸ್ಟಿಕ್ ಸುರುಳಿಗಳೂ ಅಲ್ಲೇ ಇವೆ, ಲಾರಿಗೆ ಹತ್ತಿರವೆಂದು.

ನಿವೃತ್ತ ಅಗ್ನಿಶಾಮಕ:
ನಾಳೆಯೇ ತೆಗೆಸಿ. ವಿಮೆಯ ಕಾಗದ ಒಂದು ವಾರ ಕಾಯಲಿ. ಪ್ಯಾಕಿಂಗ್ ಬೇರೆ ಕಡೆಗೆ ಹೋಗಲಿ. ಎದುರು ಗೋಡೆಯಲ್ಲಿ ಹೊರಕ್ಕೆ ತೆರೆಯುವ ಎರಡನೆಯ ಬಾಗಿಲು ಇಡಿಸಿ; ಕೆಲಸದ ಹೊತ್ತಿನಲ್ಲಿ ಅದಕ್ಕೆ ಬೀಗ ಬೀಳಕೂಡದು. ಪ್ಲಾಸ್ಟಿಕ್ಕನ್ನೂ ಎಣ್ಣೆಯ ಡ್ರಮ್ಮುಗಳನ್ನೂ ಬೇರೆ ಬೇರೆ ಶೆಡ್ಡುಗಳಿಗೆ ಸಾಗಿಸಿದರೆ ಗೋದಾಮಿನ ಅಂಕಿ 4.45 ಲಕ್ಷಕ್ಕೆ ಇಳಿಯುತ್ತದೆ. ಡ್ರಮ್ಮುಗಳ ಸುತ್ತ ಎಣ್ಣೆ ಹರಿಯದಂತೆ ಸಣ್ಣ ಕಟ್ಟೆ ಕಟ್ಟಿಸಿ.

ಗಿರಣಿ ಮೇಸ್ತ್ರಿ:
ಇದ್ದಿಲನ್ನು ನೀವೇ ಪುಡಿ ಮಾಡಿಸುತ್ತೀರಾ? ಹೊಸದಾಗಿ ಬೀಸಿದ ಪುಡಿ ಗಾಳಿಯ ಆಮ್ಲಜನಕ ಹೀರಿ ತಾನಾಗಿಯೇ ಕಾಯುತ್ತದೆ. ಒತ್ತಾಗಿ ಪೇರಿಸಿದ ಚೀಲಗಳ ನಡುವೆ ಶಾಖ ಉಳಿದು, ಕಿಡಿಯಿಲ್ಲದೆಯೂ ಒಳಗೊಳಗೇ ಕೆಂಡವಾಗಬಹುದು. ನಾವು ಹೊಸ ಪುಡಿಯನ್ನು ಹೊರಗೆ, ಮಳೆ ತಾಗದ ಕಡೆ ತೆಳುವಾಗಿ ಹರಡಿ, ಪೂರ್ತಿ ತಣಿದ ಮೇಲೆಯೇ ಚೀಲ ತುಂಬುತ್ತೇವೆ.

ಬತ್ತಿಮನೆ, ಮೈಸೂರು:
ಪುಡಿ ಮಾಡಿಸುವುದು ನಾವೇ. ಬೀಸಿದ ದಿನವೇ ಒಳಗೆ ಪೇರಿಸುತ್ತಿದ್ದೆವು. ಇಂದು ಚೀಲದ ರಾಶಿಯೊಳಗೆ ಕೈ ಹಾಕಿ ನೋಡಿದೆ. ನಡುವಿನ ಎರಡು ಚೀಲ ಬೆಚ್ಚಗಿದ್ದವು. ಅಂಗಳಕ್ಕೆ ತಂದು ಒಂದಕ್ಕೊಂದು ತಾಗದಂತೆ ಇಟ್ಟಿದ್ದೇನೆ. ಹೆಣ್ಣುಮಕ್ಕಳು ಇಂದಿನಿಂದ ಕಚೇರಿಯ ಜಗಲಿಯಲ್ಲಿ ಕೂರುತ್ತಿದ್ದಾರೆ. ಬಾಗಿಲಿಗೆ ಗೋಡೆ ಒಡೆಯಲು ಗಾರೆಯವರು ಸೋಮವಾರ ಬರುತ್ತಾರೆ.