ಕ್ಲಸ್ಟರ್ ಬಿಂದುವನ್ನು ಆಯ್ಕೆ ಮಾಡಿದಾಗ ಅದರ ವಿವರ ಏಕೆ ದೊರೆಯುವುದಿಲ್ಲ?

ಪ್ರಶ್ನೆ:
ಓಪನ್‌ಲೇಯರ್ಸ್ (ವೆಬ್ ಪುಟದಲ್ಲಿ ನಕ್ಷೆ ತೋರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ನಕ್ಷೆಯಲ್ಲಿ ಬಾವಿಗಳನ್ನು ಬಿಂದುಗಳಾಗಿ ತೋರಿಸಿ, ಆಯ್ಕೆಯಾದ ಬಾವಿಯ ಆಳವು ಪಕ್ಕದ ಫಲಕದಲ್ಲಿ ಕಾಣಿಸುವಂತೆ ಸ್ಕ್ರಿಪ್ಟ್ ಬರೆದಿದ್ದೇನೆ. ಹತ್ತಿರದ ಬಿಂದುಗಳನ್ನು ಒಟ್ಟುಗೂಡಿಸಲು ಕ್ಲಸ್ಟರ್ ಅಳವಡಿಸಿದ ಮೇಲೆ, ಕ್ಲಿಕ್ ಮಾಡಿದರೆ ಬಿಂದುವಿನ ಬಣ್ಣವೇನೋ ಬದಲಾಗುತ್ತದೆ, ಆದರೆ ಆಳದ ಜಾಗದಲ್ಲಿ ‘ಅನ್‌ಡಿಫೈನ್ಡ್’ (ಮೌಲ್ಯವಿಲ್ಲ) ಎಂದೇ ಬರುತ್ತದೆ. ಕಾರಣವೇನಿರಬಹುದು?

ಉತ್ತರ 1:
ನೀವು ಆಯ್ಕೆ ಮಾಡುತ್ತಿರುವುದು ಬಾವಿಯನ್ನಲ್ಲ, ಬಾವಿಗಳನ್ನು ಒಳಗಿಟ್ಟುಕೊಂಡಿರುವ ಕ್ಲಸ್ಟರ್ ಎಂಬ ಹೊರಕವಚವನ್ನು. ಒಂದೇ ಬಾವಿ ಇದ್ದರೂ ಈ ಕವಚ ಇದ್ದೇ ಇರುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಆದ್ದರಿಂದ ಆಯ್ಕೆಯಾದ ಫೀಚರ್‌ನಲ್ಲಿ (ನಕ್ಷೆಯ ಮೇಲಿನ ವಸ್ತುವಿನಲ್ಲಿ) ಮೊದಲು ‘ಗೆಟ್’ ವಿಧಾನದಿಂದ ‘ಫೀಚರ್ಸ್’ ಎಂಬ ಗುಣವನ್ನು ಕೇಳಿ. ದೊರೆಯುವ ಅರೇಯಲ್ಲಿ (ಬಾವಿಗಳ ಸಾಲಿನಲ್ಲಿ) ಒಂದೇ ಅಂಶವಿದ್ದರೆ ಅದರ ಆಳವನ್ನು ಓದಿ, ಹೆಚ್ಚಿದ್ದರೆ ಎಲ್ಲವನ್ನೂ ಪಟ್ಟಿಯಾಗಿ ತೋರಿಸಿ. ಪಟ್ಟಿಯ ಬದಲು ತಾನಾಗಿ ಜೂಮ್ ಮಾಡಿಸುವವರೂ ಇದ್ದಾರೆ, ಆದರೆ ಒಂದೇ ನಿರ್ದೇಶಾಂಕದಲ್ಲಿ ಎರಡು ಬಾವಿಗಳಿದ್ದರೆ ಅವು ಎಷ್ಟು ಜೂಮ್ ಮಾಡಿದರೂ ಬೇರೆಯಾಗುವುದಿಲ್ಲ.

ಉತ್ತರ 2:
ಜೂಮ್ ಬದಲಾದಾಗ ಕ್ಲಸ್ಟರ್‌ಗಳು ಹೊಸದಾಗಿ ರಚನೆಯಾಗುವುದರಿಂದ ಹಳೆಯ ಆಯ್ಕೆಗೆ ಅರ್ಥವಿರುವುದಿಲ್ಲ. ಆಗ ಆಯ್ಕೆಯನ್ನು ‘ಕ್ಲಿಯರ್’ ಮಾಡಿ. ಸ್ಕ್ರಿಪ್ಟ್ ಮೂಲಕ ತೆರವು ಮಾಡಿದಾಗ ‘ಸೆಲೆಕ್ಟ್’ ಈವೆಂಟ್ (ಆಯ್ಕೆ ಬದಲಾಯಿತೆಂಬ ಸೂಚನೆ) ಹೊರಡುವುದಿಲ್ಲವಾದ್ದರಿಂದ ಫಲಕವನ್ನೂ ನೀವೇ ಖಾಲಿ ಮಾಡಬೇಕು.

ಪ್ರಶ್ನಿಸಿದವರು:
‘ಫೀಚರ್ಸ್’ ಗುಣವನ್ನು ಓದಿದ ಕೂಡಲೇ ಆಳ ಸರಿಯಾಗಿ ಕಾಣಿಸಿತು. ಧನ್ಯವಾದಗಳು.