ತಮ್ಮನಿಗೆ ಕನ್ನಡ ಕಾಮೆಂಟರಿ ಹುಚ್ಚು, ಬ್ಯಾಂಕ್ ಕೆಲಸ ಬಿಡಬಹುದಾ?

ಪ್ರಶ್ನೆ: ತಮ್ಮ ಟಿವಿ ಮ್ಯೂಟ್ ಮಾಡಿ ಕ್ರಿಕೆಟ್ಟಿಗೆ, ಕಬಡ್ಡಿಗೆ ತಾನೇ ಕಾಮೆಂಟರಿ ಹೇಳುತ್ತಾನೆ. ಚೆನ್ನಾಗೇ ಹೇಳುತ್ತಾನೆ. ಈಗ ಕೆಲಸ ಬಿಟ್ಟು ಇದಕ್ಕೇ ಇಳಿಯುತ್ತೇನೆ ಅಂತ ಕೂತಿದ್ದಾನೆ. ಅಪ್ಪ ಮಾತು ಬಿಟ್ಟಿದ್ದಾರೆ. ಈ ಲೈನಿನಲ್ಲಿ ಇರುವವರು ಸ್ವಲ್ಪ ಹೇಳಿ. ನಾವಿರುವುದು ಮೈಸೂರಲ್ಲಿ.

ಕುಂದಾಪುರದಿಂದ: ಮೊದಲು ಊರಿನ ಮೈಕ್ ಹಿಡಿಯಲಿ ಅಕ್ಕಾ. ನಮ್ಮ ಕಡೆ ಮಳೆ ನಿಂತರೆ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್, ಎಲ್ಲದಕ್ಕೂ ವೀಕ್ಷಕ ವಿವರಣೆ ಬೇಕೇ ಬೇಕು. ನಾನು ಕಲಿತದ್ದು ಅಲ್ಲೇ. ದಾನಿಗಳ ಹೆಸರು ಓದಬೇಕು, ಯಾರದೋ ಬೈಕ್ ದಾರಿಗೆ ಅಡ್ಡ ಇದೆ ಅಂತಲೂ ಕೂಗಬೇಕು, ರೈಡಿಗೆ ಇರುವುದೇ 30 ಸೆಕೆಂಡ್, ಅಷ್ಟರೊಳಗೆ ಬೋನಸ್ ಬಂತಾ, ಟ್ಯಾಕಲ್ ಮಾಡಿದ್ದು ಯಾರು, ಎಲ್ಲ ಹೇಳಿ ಮುಗಿಸಬೇಕು.

ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕಿಯಾಗಿದ್ದವಳು: ಮ್ಯೂಟ್ ಮಾಡಿ ಹೇಳುವುದು ಟಿವಿ ಅಭ್ಯಾಸ. ರೇಡಿಯೋ ಬೇರೆ. ಕೇಳುವವರಿಗೆ ಏನೂ ಕಾಣುವುದಿಲ್ಲ ಅಲ್ವಾ? ಚಿನ್ನಸ್ವಾಮಿಯಲ್ಲಿ ಮ್ಯಾಚ್ ಅಂದರೆ ಬೌಲರ್ ಬರುತ್ತಿರುವುದು ಪೆವಿಲಿಯನ್ ಎಂಡಿಂದಲೋ ಬಿಇಎಂಎಲ್ ಎಂಡಿಂದಲೋ, ಸ್ಲಿಪ್ಪಲ್ಲಿ ಯಾರಿದ್ದಾರೆ, ಚೆಂಡು ಎಲ್ಲಿ ಬಿತ್ತು, ಯಾವ ಕಡೆ ಓಡಿತು, ಎಸೆದವರು ಯಾರು, ಇಷ್ಟೂ ಮಾತಲ್ಲೇ ಬರಬೇಕು, ಅದೂ ಮುಂದಿನ ಚೆಂಡು ಬೀಳುವುದರೊಳಗೆ. ಈಗ ತಾನೇ ರೇಡಿಯೋ ಹಾಕಿದವರಿಗೂ ತಿಳಿಯಬೇಕು, ಹಾಗಾಗಿ ಸ್ಕೋರ್ ಮತ್ತೆ ಮತ್ತೆ ಹೇಳಬೇಕು. ದಸರೆಗೆ ಜಂಬೂಸವಾರಿಯ ವೀಕ್ಷಕ ವಿವರಣೆ ರೇಡಿಯೋದಲ್ಲಿ ಕೇಳಲಿ. ಆಟವಲ್ಲ ನಿಜ, ಆದರೆ ಕಾಣದವರಿಗೆ ಕಾಣಿಸುವುದು ಹೇಗೆ ಅಂತ ಗೊತ್ತಾಗುತ್ತದೆ. ಆಮೇಲೆ ಒಂದು ಪಂದ್ಯ ನೋಡುತ್ತಾ ಫೋನಲ್ಲಿ ರೆಕಾರ್ಡ್ ಮಾಡಲಿ, ಪಂದ್ಯ ನೋಡದವರಿಗೆ ಕೇಳಿಸಲಿ. ನಿಮ್ಮ ಅಪ್ಪನಿಗೇ ಕೇಳಿಸಬಹುದು, ಮಾತೂ ಶುರುವಾದೀತು! ಆಕಾಶವಾಣಿ ಆಡಿಷನ್ ಕರೆದಾಗ ಅರ್ಜಿ ಹಾಕಲಿ. ಆದರೆ ಡ್ಯೂಟಿ ಇದ್ದ ದಿನ ಮಾತ್ರ ದುಡ್ಡು, ಅದನ್ನು ಸಂಬಳ ಅಂದುಕೊಳ್ಳಬೇಡಿ.

ಟಿವಿಯಲ್ಲಿ ಎರಡು ಸೀಸನ್ ಹೇಳಿದವನು: ಅವಕಾಶ ಜಾಸ್ತಿ ಆಗಿರುವುದು ಹೌದು. 2018ರಲ್ಲಿ ಸ್ಟಾರ್ ಸ್ಪೋರ್ಟ್ಸ್‌ನ ಕನ್ನಡ ಚಾನೆಲ್ ಬಂತು, 2023ರ ಐಪಿಎಲ್ ಜಿಯೋ ಸಿನೆಮಾದಲ್ಲಿ 12 ಭಾಷೆಗಳಲ್ಲಿ ಬಂತು, ಕನ್ನಡವೂ ಇತ್ತು. ಆದರೆ ವಿಶ್ಲೇಷಣೆಯ ಕುರ್ಚಿ ವಿಜಯ್ ಭಾರದ್ವಾಜ್ ಥರ ಭಾರತಕ್ಕೋ ರಾಜ್ಯಕ್ಕೋ ಆಡಿದವರದ್ದು. ನಮ್ಮಂಥವರಿಗೆ ಉಳಿಯುವುದು ಚೆಂಡಿಂದ ಚೆಂಡಿಗೆ ಮಾತು ನಡೆಸಿ ಅವರ ಬಾಯಿ ಬಿಡಿಸುವ ಕೆಲಸ. ನಾನು ಮೈದಾನವನ್ನೇ ನೋಡಲಿಲ್ಲ, ಸ್ಟುಡಿಯೋದಲ್ಲಿ ಪರದೆ ನೋಡಿ ಹೇಳಿದ್ದು. ಕಿವಿಯಲ್ಲಿ ಪ್ರೊಡ್ಯೂಸರ್ ಸೆಕೆಂಡ್ ಎಣಿಸುತ್ತಿರುತ್ತಾರೆ, ಜಾಹೀರಾತು ಬರುವುದರೊಳಗೆ ವಾಕ್ಯ ಮುಗಿಯಬೇಕು. ಸೀಸನ್ ಮುಗಿದ ಮೇಲೆ ಫೋನೇ ಇಲ್ಲ. ಒಂದು ಕಡೆಯಿಂದಂತೂ ಬರಬೇಕಾದ ದುಡ್ಡಿಗೆ ತಿಂಗಳುಗಟ್ಟಲೆ ಅಲೆದೆ.

ಇನ್ನೊಬ್ಬರು: ಕೆಲಸ ಬಿಡುವುದು ಬೇಡವೇ ಬೇಡ. ನರೋತ್ತಮ್ ಪುರಿ ಇಎನ್‌ಟಿ ಡಾಕ್ಟರ್, ರವಿ ಚತುರ್ವೇದಿ ಪ್ರಾಣಿಶಾಸ್ತ್ರದ ಮೇಷ್ಟ್ರು, ಇಬ್ಬರೂ ದೊಡ್ಡ ಕಾಮೆಂಟೇಟರ್‌ಗಳೇ. ಇದನ್ನೇ ಪೂರ್ತಿ ನಂಬಿದ ಹರ್ಷ ಭೋಗ್ಲೆಯನ್ನೂ 2016ರ ಐಪಿಎಲ್ ಹೊಸ್ತಿಲಲ್ಲಿ ಕೈಬಿಟ್ಟರು. ಅಷ್ಟು ಹೆಸರಿದ್ದವರಿಗೇ ಹಾಗಾದರೆ?

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕುಂದಾಪುರದವರೇ, ಗುರುತೇ ಇಲ್ಲದ ಹುಡುಗನಿಗೆ ಮೈಕ್ ಕೊಡುತ್ತಾರಾ?

ಕುಂದಾಪುರದಿಂದ: ಪೋಸ್ಟರಿನ ಕೆಳಗೆ ಸಂಘಟಕರ ನಂಬರ್ ಇರುತ್ತದೆ, ಫೋನ್ ಮಾಡಲಿ. ಫೈನಲ್ ಕೇಳಬಾರದು. ರಾತ್ರಿ ಎರಡರ ಮೇಲೆ ಹೇಳುವವರ ಗಂಟಲು ಕೂತಿರುತ್ತದೆ, ಆ ಹೊತ್ತಿನ ಪಂದ್ಯ ಕೊಡಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ.