ಮಾಸ್ತರರ ಬ್ರಷ್ಷು

ಆ ರವಿವಾರ ಬೆಳಗಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ದಾಡಿ ಮಾಡಿಕೊಳ್ಳಲು ಮೂರು ಗಡ್ಡ ಸೇರಿದ್ದವು. ನನ್ನದು ಲೆಕ್ಕಕ್ಕಿಲ್ಲ. ನಾನು ಗಡ್ಡ ಬಿಟ್ಟು ಹತ್ತು ವರ್ಷ ಆಯಿತು. ಅದಕ್ಕೇ ನನ್ನನ್ನು ಪಂಚನಾಗಿ ಕೂರಿಸಿದ್ದರು.

ಮೊದಲನೆಯ ಗಡ್ಡ ವಿಜಯಪುರದ ದೋಸ್ತನದು. ಇವನಿಗೆ ಗುಮ್ಮಟ ಅಂತ ಹೆಸರಿಟ್ಟವರು ನಾವೇ. ಗೋಳಗುಮ್ಮಟದಲ್ಲಿ ಕೂಗಿದ್ದು ಏಳು ಸಲ ಕೇಳಿಸುತ್ತದೆ ಅನ್ನುತ್ತಾರಲ್ಲ, ಇವನೂ ಒಂದು ಮಾತನ್ನು ಏಳು ಸಲಕ್ಕಿಂತ ಕಡಿಮೆ ಹೇಳಿದವನಲ್ಲ. ಎರಡನೆಯದು ಬಾದಾಮಿಯ ಬೀಗರದು. ಇಬ್ಬರೂ ಒಂದೇ ಮದುವೆಗೆ ಬಂದು ನಮ್ಮಲ್ಲೇ ಇಳಿದಿದ್ದರು. ಮೂರನೆಯದು ಪಕ್ಕದ ಮನೆಯ ಮಾಸ್ತರರದು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ತತ್ತಿ ಒಡೆದ ವಾಸನೆ ಬಂದರೂ ಕಿಟಕಿ ಮುಚ್ಚುವ ಮನುಷ್ಯ.

ಗುಮ್ಮಟ ಚೀಲ ಬಿಚ್ಚಿದ. ಭಾರದ ಸ್ಟೀಲ್ ರೇಝರು, ಕಟ್ಟಿಗೆಯ ಬಟ್ಟಲಲ್ಲಿ ಸೋಪು, ದಪ್ಪ ಬ್ರಷ್ಷು, ಪಟಕದ ಕಲ್ಲು, ಎಲ್ಲಾ ಸಾಲಾಗಿ ಟವೆಲ್ ಮೇಲೆ ಬಂದವು.

"ಇದೇನಪ್ಪಾ, ದಾಡಿ ಮಾಡಿಕೊಳ್ಳುತ್ತೀಯೋ ಆಪರೇಷನ್ ಮಾಡುತ್ತೀಯೋ?" ಅಂದರು ಮಾಸ್ತರರು.

"ಇದು ಹಳೇ ಪದ್ಧತಿ ಸರ್. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಇಂಥ ರೇಝರನ್ನು 1903ರಲ್ಲಿ ಮಾರಲು ಶುರು ಮಾಡಿದ. ಆ ವರ್ಷ ಹೋಗಿದ್ದು ಬರೀ 51 ರೇಝರು, 168 ಬ್ಲೇಡು."

"168 ಬ್ಲೇಡಾ?" ಬೀಗರ ಕಣ್ಣು ಅರಳಿತು. "ನನಗೇ ಕೊಟ್ಟಿದ್ದರೆ ಮೊಮ್ಮಗನ ಮದುವೆಯವರೆಗೂ ಬರುತ್ತಿತ್ತು."

ಬೀಗರು ಒಂದು ಬ್ಲೇಡು ಹಾಕಿದರೆ ಅದು ಕೈಮುಗಿದು ಬೇಡಿಕೊಂಡರೂ ಬಿಡುವವರಲ್ಲ. ಮೊಂಡಾಯಿತು ಅಂದರೆ ಗಾಜಿನ ಲೋಟದ ಒಳಗೆ ತಿಕ್ಕಿ ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ. ಆ ಲೋಟದಲ್ಲೇ ಆಮೇಲೆ ಚಹಾ ಕುಡಿಯುತ್ತಾರೋ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

"ನಾಲ್ಕೈದು ಸಲಕ್ಕೆ ಬದಲಿಸಬೇಕು ಬೀಗರೇ. ಒಂದು ಬ್ಲೇಡಿಗೆ ಎಷ್ಟು ಮಹಾ ರೊಕ್ಕ? ರೇಝರನ್ನು ಒತ್ತಬಾರದು. ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಸುಮ್ನೆ ಜಾರಿಸಬೇಕು. ಅದರ ಭಾರವೇ ಕೂದಲು ಕತ್ತರಿಸುತ್ತದೆ."

"ನಾನು ಒತ್ತದಿದ್ದರೆ ನನ್ನ ಬ್ಲೇಡು ಒಂದು ಕೂದಲನ್ನೂ ಮುಟ್ಟುವುದಿಲ್ಲ."

"ಅದು ಬ್ಲೇಡಲ್ಲ ಬೀಗರೇ, ತಗಡು."

ಮಾಸ್ತರರು ತಮ್ಮ ಕ್ರೀಮಿನ ಟ್ಯೂಬು ತಂದಿದ್ದರು. ಉದ್ದಕ್ಕೆ ಒತ್ತಲು ಹೋದಾಗ ಗುಮ್ಮಟ ಕೈ ಹಿಡಿದ. "ಅಷ್ಟು ಬೇಡ ಸರ್. ಬಾದಾಮಿಯಷ್ಟು ಸಾಕು."

"ನಮ್ಮೂರಿನಷ್ಟಾ?" ಬೀಗರು ನೆಟ್ಟಗೆ ಕುಳಿತರು. "ಅಗಸ್ತ್ಯತೀರ್ಥದ ಕೆರೆ ಸೇರಿಸಿಯೋ, ಬಿಟ್ಟೋ?"

ಈ ನಗುವಿನ ನಡುವೆಯೇ ಗುಮ್ಮಟ ಸೋಪಿನ ಮೇಲೆ ಬ್ರಷ್ಷು ತಿರುಗಿಸಲು ಶುರು ಮಾಡಿದ್ದ. ಹತ್ತು ಸುತ್ತು ಆಗಿರಲಿಲ್ಲ, ಬುರುಗು ಬಟ್ಟಲು ತುಂಬಿ ಅಂಚು ದಾಟಿತು. ಅವನ ಬಾಯಿ ಮುಚ್ಚಿಹೋಯಿತು. ಏಳು ಸಲ ಹೇಳುವವನು ಒಂದು ಸಲವೂ ಹೇಳದೆ ಕುಳಿತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಊರಲ್ಲಿ ಇದೇ ಸೋಪು, ಇದೇ ಬ್ರಷ್ಷು. ಅರ್ಧ ಗಂಟೆ ತಿರುಗಿಸಿದರೂ ಒಡೆದ ಮಜ್ಜಿಗೆ ಹಾಗೆ ಆಗುತ್ತದೆ. ಮೂರು ಸೋಪು ಬದಲಿಸಿದೆ, ಎರಡು ಬ್ರಷ್ಷು ಬದಲಿಸಿದೆ!"

"ಎಲ್ಲಾ ಬದಲಿಸಿದಿ, ನೀರು ಬದಲಿಸಿದಿಯಾ?" ಅಂದರು ಬೀಗರು. ಬ್ಲೇಡಿನ ವಿಷಯದಲ್ಲಿ ಜಿಪುಣರಾದರೂ ನೀರಿನ ವಿಷಯ ಬಲ್ಲವರು. "ನಿಮ್ಮದು ಬೋರಿನ ಸವಳು ನೀರಲ್ವಾ? ನೀರು ಕಾಸುವ ಪಾತ್ರೆಯ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟಿದೆಯೋ ಇಲ್ಲವೋ?"

ಕಟ್ಟಿತ್ತಂತೆ. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಮೊದಲು ಸೋಪನ್ನು ಹಿಡಿದು ಗಸಿ ಮಾಡಿಬಿಡುತ್ತವೆ. ಅವುಗಳ ಪಾಲು ಮುಗಿದ ಮೇಲೆ ಉಳಿದ ಸೋಪು ಬುರುಗಾಗಬೇಕು. ಉಳಿಯುವುದಾದರೂ ಎಷ್ಟು? ನಮ್ಮ ಮನೆಯದು ಮಳೆಯ ನೀರು, ಛಾವಣಿಯಿಂದ ಹಿಡಿದು ಬಕೆಟಿನಲ್ಲಿಟ್ಟದ್ದು. ಬೆಳಗಾವಿಯಲ್ಲಿ ಕೊರತೆಯಾಗದ ಸಾಮಾನು ಅದೊಂದೇ.

"ಹಾಗಾದರೆ ನಾನು ಕುಡಿಯುವ ಫಿಲ್ಟರ್ ನೀರಲ್ಲಿ ದಾಡಿ ಮಾಡಿಕೊಳ್ಳಬೇಕಾ?"

"ಒಂದು ಲೋಟ ಸಾಕು. ಬ್ರಷ್ಷಿಗೆ ಖರ್ಚು ಮಾಡಿದ ರೊಕ್ಕದಲ್ಲಿ ಎಷ್ಟು ಕ್ಯಾನು ಬರುತ್ತಿದ್ದವು?"

ಗುಮ್ಮಟ ಬೆಲೆ ಹೇಳಲಿಲ್ಲ, ಕೆಮ್ಮಿದ. ಆ ಬ್ರಷ್ಷು ಬ್ಯಾಡ್ಜರ್ ಅನ್ನುವ ಬಿಲ ತೋಡುವ ಪ್ರಾಣಿಯ ಕೂದಲಿನದು. ಮೆತ್ತಗೆ ಇರುತ್ತದೆ, ನೀರು ಚೆನ್ನಾಗಿ ಹಿಡಿಯುತ್ತದೆ, ಹೊಸದರಲ್ಲಿ ಒದ್ದೆಯಾದರೆ ಪ್ರಾಣಿಯ ನೆನಪನ್ನೂ ತರುತ್ತದೆ. ಮಾಸ್ತರರು ಮೂಗು ಮುಚ್ಚಿಕೊಂಡರು. "ಛೇ, ಪ್ರಾಣಿಯ ಕೂದಲನ್ನು ಮುಖಕ್ಕೆ ಹಚ್ಚುವುದೇ? ನನ್ನದು ನೋಡು, ಇಪ್ಪತ್ತು ವರ್ಷದ್ದು. ಶುದ್ಧ."

ಗುಮ್ಮಟ ಅದನ್ನು ತಿರುಗಿಸಿ ಹಿಡಿಕೆಯ ಮೇಲಿನ ಅಕ್ಷರ ಓದಿದ. ಪ್ಯೂರ್ ಬ್ರಿಸಲ್.

"ಹೌದಲ್ಲ? ಬ್ರಿಸಲ್ ಅಂದರೆ ಬಿರುಸು ಕೂದಲು. ಎಷ್ಟು ಮಕ್ಕಳಿಗೆ ಕಲಿಸಿದ್ದೇನೆ!"

"ಯಾರ ಕೂದಲು ಅಂತಲೂ ಕಲಿಸಿದ್ದೀರಾ ಸರ್?"

ಮಾಸ್ತರರು ಸುಮ್ಮನಾದರು. ಮುಖದ ಬಣ್ಣ ಹೋಯಿತು.

"ಹಂದಿಯದು," ಅಂದ ಗುಮ್ಮಟ. ಆಮೇಲೆ ಅಭ್ಯಾಸಬಲ, ಇನ್ನೂ ಆರು ಸಲ ಅಂದ.

ಹಂದಿ ಕೂದಲಿನ ಬ್ರಷ್ಷು ಕೆಟ್ಟದ್ದೇನಲ್ಲ, ನಿಜ ಹೇಳಬೇಕೆಂದರೆ. ಮೊದಮೊದಲು ಒರಟು. ಹಚ್ಚುವ ಮುಂಚೆ ಕೆಲವು ನಿಮಿಷ ನೀರಲ್ಲಿ ನೆನೆಸಬೇಕು. ದಿನ ಕಳೆದಂತೆ ಕೂದಲಿನ ತುದಿ ಸೀಳಿ ಮೆತ್ತಗಾಗುತ್ತದೆ. ಇಪ್ಪತ್ತು ವರ್ಷ ಪಳಗಿದ ಆ ಬ್ರಷ್ಷು ರೇಷ್ಮೆಯ ಹಾಗಿತ್ತು. ಆದರೆ ಅದನ್ನು ಮಾಸ್ತರರಿಗೆ ಆಗ ಯಾರು ಹೇಳಬೇಕು? ಅವರು ಬೆರಳಲ್ಲಿ ಲೆಕ್ಕ ಹಾಕುತ್ತಿದ್ದರು. ಇಪ್ಪತ್ತು ವರ್ಷ, ದಿನಾ ಬೆಳಿಗ್ಗೆ, ಎರಡೂ ಕೆನ್ನೆಗೆ.

"ದಾಡಿ ಆದ ಮೇಲೆ ಸ್ನಾನ ಮಾಡಿಯೇ ವಿಭೂತಿ ಹಚ್ಚುತ್ತೀರಲ್ಲ ಸರ್, ಎಲ್ಲಾ ತೊಳೆದು ಹೋಗಿರುತ್ತದೆ," ಅಂತ ನಾನು ಸಮಾಧಾನ ಹೇಳಿದೆ.

"ನಿನ್ನ ಸೋಪಾದರೂ..." ಅಂತ ಮಾಸ್ತರರು ಗುಮ್ಮಟನ ಬಟ್ಟಲನ್ನು ನೋಡಿದರು. ಅರ್ಧ ಗಂಟೆಯ ಹಿಂದೆ ಅದನ್ನು ಮೂಸಿ ಹೊಗಳಿದ್ದರು. ಅದರಲ್ಲಿ ಟ್ಯಾಲೋ ಇತ್ತು, ಅಂದರೆ ಪ್ರಾಣಿಯ ಕೊಬ್ಬು. ತೆಂಗಿನೆಣ್ಣೆ, ತಾಳೆ ಎಣ್ಣೆಯ ಸೋಪುಗಳೂ ಬೇಕಾದಷ್ಟು ಸಿಗುತ್ತವೆ ಅಂತ ಗುಮ್ಮಟ ಹೇಳುವ ಹೊತ್ತಿಗೆ ಮಾಸ್ತರರು ಮೂಗು ತೊಳೆಯಲು ಬಚ್ಚಲಿಗೆ ಹೋಗಿದ್ದರು.

ವಾಪಸು ಬಂದು ಕೇಳಿದರು. "ಈ ಸಾಮಾನಿನಲ್ಲಿ ಶಾಕಾಹಾರಿ ಅನ್ನುವುದು ಏನಾದರೂ ಇದೆಯಾ?"

"ಬ್ಲೇಡು ಇದೆಯಲ್ಲ," ಅಂದ ಗುಮ್ಮಟ. "ಬರೀ ಉಕ್ಕು."

"ಅದು ಹೇಗೆ ಶಾಕಾಹಾರಿ?" ಬೀಗರು ಗದ್ದದ ಗಾಯಕ್ಕೆ ಪಟಕ ತಿಕ್ಕಿಕೊಳ್ಳುತ್ತಾ ಅಂದರು. "ದಿನಾ ನನ್ನ ರಕ್ತ ಕುಡಿಯುತ್ತದೆ."

ಅವತ್ತೇ ಸಂಜೆ ಮಾಸ್ತರರು ಖಡೇ ಬಝಾರಿಗೆ ಹೋಗಿ ನೈಲಾನ್ ಕೂದಲಿನ ಬ್ರಷ್ಷು ತಂದರು. ನೆನೆಸುವ ಕೆಲಸವಿಲ್ಲ, ಬೇಗ ಒಣಗುತ್ತದೆ, ಪಾಪ ಪುಣ್ಯ ಎರಡೂ ಇಲ್ಲ. ಹಳೆಯದನ್ನು ಬಚ್ಚಲಿನ ಗೂಡಿನಲ್ಲಿ ಹಿಂದಕ್ಕೆ ತಳ್ಳಿಟ್ಟರು.

ಮುಂದಿನ ವಾರ ಪ್ರಸಾದ ಕೊಡಲು ಅವರ ಮನೆಗೆ ಹೋಗಿದ್ದೆ. ಮಾಸ್ತರರು ಪೇಪರ್ ಓದುತ್ತಿದ್ದರು. ಒಳಗೆ ಅಕ್ಕನವರು ದೇವರ ಹಿತ್ತಾಳೆ ದೀಪಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ಸಂದಿಯ ಧೂಳನ್ನೆಲ್ಲಾ ಎಷ್ಟು ಚೆಂದ ಎತ್ತುತ್ತದೆ ನೋಡು ತಮ್ಮಾ, ಇಂಥ ಮೆತ್ತನೆ ಬ್ರಷ್ಷನ್ನು ಇವರು ಸುಮ್ನೆ ಮೂಲೆಗೆ ಎಸೆದಿದ್ದರು ಅಂದರು.

ನಾನು ಪ್ರಸಾದ ಕೊಟ್ಟು ಬೇಗ ಬಂದೆ.